ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ: ರಸ್ತೆ ಗುಂಡಿಯ ಬಗ್ಗೆ ಬರೆದು ತಿಳಿಸಿ

ಮಾನ್ಯ ಕನ್ನಡ ಬಂಧುಗಳೇ,

ಇಂಗ್ಲೆಂಡ್ ಮತ್ತು ವೇಲ್ಸ್‌ನ ಸ್ಥಳೀಯ ರಸ್ತೆಗಳಲ್ಲಿ ಬಾಕಿ ಬಿದ್ದಿರುವ ದುರಸ್ತಿಯನ್ನೆಲ್ಲ ಮಾಡಿ ಮುಗಿಸಲು 1,681 ಕೋಟಿ ಪೌಂಡ್ ಬೇಕು, ಅಷ್ಟು ಹಣ ಕೈಗೆ ಬಂದರೂ ಕೆಲಸಕ್ಕೆ 12 ವರ್ಷ ಹಿಡಿಯುತ್ತದೆ ಎಂದು ಇಲ್ಲಿನ ಡಾಂಬರು ಉದ್ಯಮದ ಒಕ್ಕೂಟ 2025ರ ತನ್ನ ಸಮೀಕ್ಷೆಯಲ್ಲಿ ಲೆಕ್ಕ ಕೊಟ್ಟಿತು. ಡಾಂಬರು ಮಾರುವವರೇ ಹಾಕಿದ ಲೆಕ್ಕವೆಂದು ಅದರಲ್ಲಿ ಒಂದಿಷ್ಟು ಕಳೆದು ನೋಡಿದರೂ ನೀವು ದಿನವೂ ಕೆಲಸಕ್ಕೆ ಹೋಗುವ ದಾರಿಯ ಗುಂಡಿಗಳೇನೂ ಕಡಿಮೆಯಾಗುವುದಿಲ್ಲ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಇಂಗ್ಲೆಂಡಿನ ಸ್ಥಳೀಯ ರಸ್ತೆಗಳ ನಿರ್ವಹಣೆಗೆ ಕೊಟ್ಟದ್ದು ಸುಮಾರು 160 ಕೋಟಿ ಪೌಂಡ್. ಹೀಗಿರುವಾಗ ಎಲ್ಲ ಗುಂಡಿಗಳೂ ಒಟ್ಟಿಗೆ ಮುಚ್ಚುವುದಿಲ್ಲ; ಯಾವುದು ಮೊದಲು, ಯಾವುದು ಆಮೇಲೆ ಎಂಬ ಸರದಿಯೊಂದು ಇರುತ್ತದೆ. ಆ ಸರದಿಯಲ್ಲಿ ನಮ್ಮವರು ಹೆಚ್ಚಾಗಿ ವಾಸಿಸುವ ಬೀದಿಗಳು ಹಿಂದೆ ಬೀಳುವುದಕ್ಕೆ ನಮ್ಮ ಮೌನವೂ ಒಂದು ಕಾರಣವೆಂದು ನನಗೆ ಬಲವಾಗಿ ಅನ್ನಿಸಿರುವುದರಿಂದ ಈ ಪತ್ರವನ್ನು ಇಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ. ಕೌನ್ಸಿಲಿಗೆ ಬರೆಯಬೇಕಾದುದನ್ನು ಅದರದೇ ಫಾರ್ಮಿನಲ್ಲಿ ಬರೆಯುತ್ತಲೇ ಇದ್ದೇನೆ.

ನಾವು ಮಾತಾಡುವುದಿಲ್ಲವೆಂದೇನಲ್ಲ. ಕನ್ನಡ ಕೂಟಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಫೆಬ್ರುವರಿ ಬಂತೆಂದರೆ ಗುಂಡಿಗಳ ಫೋಟೋಗಳು ಸಾಲುಗಟ್ಟುತ್ತವೆ, ‘ಇದಕ್ಕಿಂತ ನಮ್ಮೂರೇ ವಾಸಿ’ ಎಂಬ ಹಾಸ್ಯ ಬರುತ್ತದೆ, ಯಾವ ಗ್ಯಾರೇಜಿನಲ್ಲಿ ಟೈರು ಅಗ್ಗವೆಂದು ಒಬ್ಬರು ತಿಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ಕೌನ್ಸಿಲಿಗೆ ತಿಳಿಸಿದಿರಾ ಎಂದು ಕೇಳಿದರೆ ಬರುವ ಉತ್ತರಗಳು ಬಹುಮಟ್ಟಿಗೆ ಒಂದೇ: ಅವರಿಗೆ ಗೊತ್ತಿರಲೇಬೇಕಲ್ಲ, ಬೇರೆ ಯಾರಾದರೂ ಹೇಳಿರುತ್ತಾರೆ, ಬಂದು ಎರಡು ವರ್ಷವಾಗಿಲ್ಲ, ಊರ ಉಸಾಬರಿ ನಮಗ್ಯಾಕೆ, ವೀಸಾದ ಮೇಲಿರುವವರು ಸರ್ಕಾರದ ಮೇಲೆ ದೂರು ಬರೆದರೆ ಏನಾದರೂ ತೊಂದರೆಯಾದೀತು. ಈ ಉತ್ತರಗಳಲ್ಲಿ ಮೊದಲ ಎರಡೇ ಹೆಚ್ಚು ಹಾನಿ ಮಾಡುವಂಥವು. ಅದಕ್ಕೆ ಕಾರಣ ಇಲ್ಲಿನ ಕಾನೂನಿನಲ್ಲಿದೆ.

1980ರ ಹೈವೇಸ್ ಆ್ಯಕ್ಟ್‌ನ 41ನೇ ಕಲಮಿನ ಪ್ರಕಾರ, ಸಾರ್ವಜನಿಕ ವೆಚ್ಚದಲ್ಲಿ ನಡೆಯುವ ರಸ್ತೆ ಮತ್ತು ಫುಟ್‌ಪಾತ್‌ಗಳನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಹೆದ್ದಾರಿ ಪ್ರಾಧಿಕಾರದ, ಅಂದರೆ ನಮ್ಮ ನಿಮ್ಮ ಬೀದಿಗಳ ಮಟ್ಟಿಗೆ ಕೌನ್ಸಿಲಿನ, ಕರ್ತವ್ಯ. ಇಷ್ಟೇ ಇದ್ದಿದ್ದರೆ ಗುಂಡಿಗೆ ಬಿದ್ದವರಿಗೆಲ್ಲ ಪರಿಹಾರ ಸಿಗುತ್ತಿತ್ತು. ಆದರೆ ಅದೇ ಕಾಯ್ದೆಯ 58ನೇ ಕಲಮು ಕೌನ್ಸಿಲಿಗೆ ಒಂದು ರಕ್ಷಣೆಯನ್ನೂ ಕೊಡುತ್ತದೆ: ಆ ರಸ್ತೆಯ ಸ್ವರೂಪಕ್ಕೂ ಅಲ್ಲಿನ ಸಂಚಾರಕ್ಕೂ ತಕ್ಕಷ್ಟು ಎಚ್ಚರ ವಹಿಸಿದ್ದೆವು, ನಿಗದಿತ ಅವಧಿಗೊಮ್ಮೆ ಪರಿಶೀಲಿಸುತ್ತಿದ್ದೆವು, ಅಪಾಯವಿದೆಯೆಂದು ನಮಗೆ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ ಎಂದು ತೋರಿಸಿಕೊಟ್ಟರೆ ಕೌನ್ಸಿಲ್ ಹೊಣೆಯಿಂದ ಪಾರಾಗುತ್ತದೆ. ಈ ರಕ್ಷಣೆ ಅನ್ಯಾಯವೆಂದು ನಾನು ಹೇಳಲಾರೆ; ರಾತ್ರಿ ಬೆಳಗಾಗುವುದರೊಳಗೆ ಎದ್ದ ಗುಂಡಿಗೆ ಯಾರನ್ನೂ ದೂರುವಂತಿಲ್ಲ. ಆದರೆ ಇದರ ಪರಿಣಾಮವನ್ನು ಸ್ವಲ್ಪ ಯೋಚಿಸಿ. ಬೀದಿಯ ಜನರೆಲ್ಲ ಒಂದು ಗುಂಡಿಯನ್ನು ತಪ್ಪಿಸಿಕೊಂಡು ಓಡಾಡುತ್ತ, ‘ಅವರಿಗೆ ಗೊತ್ತಿರುತ್ತದೆ’ ಎಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿದ್ದರೆ, ಕೌನ್ಸಿಲಿನ ಕಡತದ ಮಟ್ಟಿಗೆ ಆ ಗುಂಡಿ ಹುಟ್ಟಿಯೇ ಇಲ್ಲ. ಒಬ್ಬರು ಬರೆದು ತಿಳಿಸಿದ ದಿನದಿಂದ ಅದು ಹುಟ್ಟುತ್ತದೆ. ಅಲ್ಲಿಂದ ಮುಂದೆ ‘ಗೊತ್ತಿರಲಿಲ್ಲ’ ಎನ್ನುವ ಮಾತಿಗೆ ಅವಕಾಶವಿಲ್ಲ. (ಸ್ಕಾಟ್ಲೆಂಡಿನಲ್ಲಿ 1984ರ ಬೇರೆಯದೇ ರಸ್ತೆ ಕಾಯ್ದೆ ಇದೆ, ಉತ್ತರ ಐರ್ಲೆಂಡಿನಲ್ಲಿ ಸಾರ್ವಜನಿಕ ರಸ್ತೆಗಳು ಕೌನ್ಸಿಲಿನ ಬದಲು ಸರ್ಕಾರದ ಮೂಲಸೌಕರ್ಯ ಇಲಾಖೆಯ ಕೈಯಲ್ಲಿವೆ, ಆದರೂ ಬರೆದು ತಿಳಿಸುವುದರ ಪ್ರಯೋಜನ ಅಲ್ಲಿಯೂ ಕಡಿಮೆಯಿಲ್ಲ.)

ನನ್ನ ಅನುಭವವೊಂದನ್ನು ಇಲ್ಲಿ ಹೇಳುವುದು ಉಪಯುಕ್ತವಾದೀತು. ಒಂದು ಚಳಿಗಾಲದ ಸಂಜೆ, ಮಳೆನೀರು ತುಂಬಿ ಮೇಲ್ನೋಟಕ್ಕೆ ಬರಿಯ ನೀರಿನಂತೆ ಕಾಣುತ್ತಿದ್ದ ಗುಂಡಿಗೆ ಕಾರಿನ ಎಡಗಡೆಯ ಮುಂಚಕ್ರ ಇಳಿಯಿತು. ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಉಬ್ಬು ಎದ್ದಿತ್ತು, ಅಲಾಯ್ ಚಕ್ರದ ಅಂಚು ಮಡಚಿಕೊಂಡಿತ್ತು. ಫೋಟೋ, ಬಿಲ್ಲು ಎಲ್ಲವನ್ನೂ ಸೇರಿಸಿ ಕೌನ್ಸಿಲಿಗೆ ಪರಿಹಾರದ ಅರ್ಜಿ ಹಾಕಿದೆ. ಕೆಲವು ವಾರಗಳಾದ ಮೇಲೆ ಒಂದೇ ಪುಟದ ಉತ್ತರ ಬಂತು: ಆ ರಸ್ತೆಯನ್ನು ನಿಯಮಿತವಾಗಿ ಪರಿಶೀಲಿಸಲಾಗಿದೆ, ಕೊನೆಯ ಪರಿಶೀಲನೆಯಲ್ಲಿ ಯಾವ ದೋಷವೂ ಕಂಡಿರಲಿಲ್ಲ, ಆದ್ದರಿಂದ 58ನೇ ಕಲಮಿನ ಪ್ರಕಾರ ಕೌನ್ಸಿಲ್ ಹೊಣೆಯಲ್ಲ. ಇಂಥ ಉತ್ತರ ಬಂದ ಕೂಡಲೇ ಹೆಚ್ಚಿನವರು ಕೈಬಿಡುತ್ತಾರೆ, ಬಹುಶಃ ಅದನ್ನು ನೆಚ್ಚಿಕೊಂಡೇ ಉತ್ತರ ಅಷ್ಟು ಚುಟುಕಾಗಿರುತ್ತದೆ. 2000ನೇ ಇಸವಿಯ ಮಾಹಿತಿ ಹಕ್ಕಿನ ಕಾಯ್ದೆಯಡಿ, ಆ ರಸ್ತೆಯ ಪರಿಶೀಲನೆಯ ದಾಖಲೆಗಳನ್ನೂ ಅಪಘಾತಕ್ಕೆ ಮುಂಚಿನ ತಿಂಗಳುಗಳಲ್ಲಿ ಬಂದ ದೂರುಗಳನ್ನೂ ಕೊಡಿ ಎಂದು ನಾನು ಕೇಳಿದೆ. 20 ಕೆಲಸದ ದಿನಗಳೊಳಗೆ ಉತ್ತರ ಕೊಡಬೇಕೆಂಬುದು ಕಾಯ್ದೆಯ ನಿಯಮ. ಬಂದ ಹಾಳೆಗಳ ನಡುವೆ, ನನ್ನ ಟೈರು ಹೋಗುವುದಕ್ಕೆ ಎಷ್ಟೋ ವಾರ ಮೊದಲು ಯಾರೋ ಬರೆದಿದ್ದ ಒಂದು ದೂರು ಇತ್ತು. ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದಿದ್ದರು. ಬಸ್ ನಿಲ್ದಾಣದ ಎದುರು, ದೀಪದ ಕಂಬದ ಪಕ್ಕ, ಆಳವಾದ ಗುಂಡಿ, ಮಳೆ ಬಂದಾಗ ಕಾಣುವುದಿಲ್ಲ ಎಂದು ಇಷ್ಟೇ ಬರೆದಿತ್ತು. ಆ ದೂರಿನ ಮುಂದೆ ಯಾವ ಕ್ರಮದ ದಾಖಲೆಯೂ ಇರಲಿಲ್ಲ. ಹಾಳೆಯ ಪ್ರತಿಯನ್ನು ಲಗತ್ತಿಸಿ ಮತ್ತೆ ಬರೆದಾಗ ಕೌನ್ಸಿಲಿನ ವಿಮಾದವರು ಹಣ ಕೊಟ್ಟರು. ಟೈರು ಮೊದಲೇ ಅರ್ಧ ಸವೆದಿತ್ತೆಂದು ಅದರ ಬೆಲೆಯಲ್ಲಿ ಒಂದು ಪಾಲು ಕಡಿತ ಮಾಡಿದರು. ಅದಕ್ಕೆ ನನ್ನ ತಕರಾರಿಲ್ಲ. ಆ ದೂರು ಬರೆದವರು ಯಾರೆಂದು ನನಗೆ ಇಂದಿಗೂ ತಿಳಿಯದು. ಅವರು ತಮಗಾಗಿ ಏನನ್ನೂ ಕೇಳಿರಲಿಲ್ಲ.

ಈಗ, ಯಾರಿಗೆ ತಿಳಿಸಬೇಕು ಎಂಬ ಪ್ರಶ್ನೆ. ಹೊಸದಾಗಿ ಬಂದವರು ಸಾಮಾನ್ಯವಾಗಿ ಇಲ್ಲೇ ತಡವರಿಸುತ್ತಾರೆ, ಮತ್ತು ತಪ್ಪು ಬಾಗಿಲು ತಟ್ಟಿದ ದೂರು ಎಷ್ಟೋ ಸಲ ಅಲ್ಲೇ ಉಳಿದುಬಿಡುತ್ತದೆ. ಇಂಗ್ಲೆಂಡಿನ ಹಲವು ಕಡೆ ಎರಡು ಹಂತದ ಆಡಳಿತವಿದೆ: ಕಸ ಒಯ್ಯುವುದೂ ಕೌನ್ಸಿಲ್ ಟ್ಯಾಕ್ಸಿನ, ಅಂದರೆ ಮನೆಯ ಮೇಲಿನ ಸ್ಥಳೀಯ ತೆರಿಗೆಯ, ಬಿಲ್ಲು ಕಳಿಸುವುದೂ ಡಿಸ್ಟ್ರಿಕ್ಟ್ ಕೌನ್ಸಿಲ್, ರಸ್ತೆ ನೋಡಿಕೊಳ್ಳುವುದು ಮಾತ್ರ ಕೌಂಟಿ ಕೌನ್ಸಿಲ್. ಬಿಲ್ಲಿನ ಮೇಲಿರುವ ಹೆಸರಿಗೇ ದೂರು ಕೊಡುವುದು ಸಹಜವಾದರೂ ಅದು ಸರಿಯಾದ ವಿಳಾಸವಲ್ಲ. ಮೋಟರ್‌ವೇಗಳು ಮತ್ತು ಕೆಲವು ದೊಡ್ಡ ‘ಎ’ ರಸ್ತೆಗಳು ನ್ಯಾಷನಲ್ ಹೈವೇಸ್ ಸಂಸ್ಥೆಯ ಕೈಯಲ್ಲಿವೆ. ಲಂಡನ್ನಿನಲ್ಲಿ ಅಂಚಿಗೆ ಕೆಂಪು ಗೆರೆ ಎಳೆದಿರುವ ಪ್ರಮುಖ ರಸ್ತೆಗಳನ್ನು ಬಹುಪಾಲು ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ನೋಡಿಕೊಳ್ಳುತ್ತದೆ, ಉಳಿದವು ಆಯಾ ಬರೋಗಳದ್ದು, ಅಂದರೆ ಲಂಡನ್ನಿನ ಸ್ಥಳೀಯ ಕೌನ್ಸಿಲುಗಳದ್ದು. ಇದನ್ನೆಲ್ಲ ನೆನಪಿಟ್ಟುಕೊಳ್ಳಲಾಗದವರು ಸರ್ಕಾರದ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಸರಿಯಾದ ಕೌನ್ಸಿಲಿನ ಪುಟ ತೆರೆದುಕೊಳ್ಳುತ್ತದೆ. ಇನ್ನೂ ಸುಲಭದ ದಾರಿ ಮೈಸೊಸೈಟಿ ಎಂಬ ದತ್ತಿ ಸಂಸ್ಥೆ 2007ರಿಂದ ನಡೆಸುತ್ತಿರುವ ಫಿಕ್ಸ್‌ಮೈಸ್ಟ್ರೀಟ್. ನಕ್ಷೆಯಲ್ಲಿ ಗುಂಡಿಯಿರುವ ಜಾಗವನ್ನು ಒತ್ತಿ ಬರೆದರೆ ದೂರು ತಾನಾಗಿ ತಲುಪಬೇಕಾದಲ್ಲಿಗೆ ತಲುಪುತ್ತದೆ, ಎಲ್ಲರ ಕಣ್ಣಿಗೂ ಕಾಣುವಂತೆ ಅಲ್ಲೇ ಉಳಿಯುತ್ತದೆ. ಹೆಸರು ಬೇರೆಯವರಿಗೆ ಕಾಣಬಾರದೆಂದಿದ್ದರೆ ಮರೆಮಾಡಬಹುದು.

ಹೊಸ ಬಡಾವಣೆಗಳಲ್ಲಿ ಮನೆ ಕೊಂಡವರ ವಿಷಯ ಬೇರೆ. ನಮ್ಮವರಲ್ಲಿ ಬಹಳ ಜನ ಐಟಿ ಕೆಲಸದವರು, ಆಸ್ಪತ್ರೆಗಳಲ್ಲಿ ದುಡಿಯುವವರು ಊರಾಚೆ ಹೊಸದಾಗಿ ಕಟ್ಟಿದ ಮನೆಗಳನ್ನೇ ಕೊಳ್ಳುತ್ತಾರೆ. ಅಂಥ ಬಡಾವಣೆಯ ರಸ್ತೆಯನ್ನು ಕಟ್ಟಡ ಕಂಪನಿ ಪೂರ್ತಿಯಾಗಿ ಮುಗಿಸಿ ಹಸ್ತಾಂತರಿಸಿ ಕೌನ್ಸಿಲ್ ಅದನ್ನು ಅಡಾಪ್ಟ್ ಮಾಡಿಕೊಳ್ಳುವವರೆಗೆ, ಅಂದರೆ ತನ್ನ ನಿರ್ವಹಣೆಗೆ ತೆಗೆದುಕೊಳ್ಳುವವರೆಗೆ, ಕೌನ್ಸಿಲ್ ಟ್ಯಾಕ್ಸನ್ನು ಪೂರ್ತಿ ಕಟ್ಟುತ್ತಿದ್ದರೂ, ಆ ರಸ್ತೆಗೆ ಕೌನ್ಸಿಲ್ ಹೊಣೆಯಾಗುವುದಿಲ್ಲ. ಮೇಲಿನ ಪದರ ಹಾಕದೆ ಬಿಟ್ಟಿರುವುದರಿಂದ ಮ್ಯಾನ್‌ಹೋಲಿನ ಮುಚ್ಚಳಗಳು ನೆಲದಿಂದ ಒಂದು ಹಿಡಿ ಮೇಲೆ ನಿಂತಿರುವುದನ್ನು ಅನೇಕರು ನೋಡಿರಬಹುದು; ವರ್ಷಗಟ್ಟಲೆ ಹಾಗೇ ಉಳಿದ ಬಡಾವಣೆಗಳಿವೆ. ಮನೆ ಕೊಳ್ಳುವ ಮೊದಲೇ ಹೈವೇಸ್ ಆ್ಯಕ್ಟಿನ 38ನೇ ಕಲಮಿನ ಒಪ್ಪಂದ (ಮುಗಿದ ರಸ್ತೆಯನ್ನು ಕೌನ್ಸಿಲ್ ವಹಿಸಿಕೊಳ್ಳುವ ಒಪ್ಪಂದ) ಆಗಿದೆಯೇ, ಅದಕ್ಕೆ ಜಾಮೀನು ಹಣದ ಭದ್ರತೆ ಇದೆಯೇ ಎಂದು ನಿಮ್ಮ ಸಾಲಿಸಿಟರನ್ನು ಕೇಳಿ. ಕೊಂಡ ಮೇಲೆ ಗೊತ್ತಾದರೆ ಕಂಪನಿಯ ಬೆನ್ನು ಹತ್ತಬೇಕಾಗುತ್ತದೆ, ಅದು ಕೌನ್ಸಿಲಿನ ಬೆನ್ನು ಹತ್ತುವುದಕ್ಕಿಂತ ಕಷ್ಟ.

ಇನ್ನು ನೀರಿನವರು, ಗ್ಯಾಸಿನವರು, ಬ್ರಾಡ್‌ಬ್ಯಾಂಡಿನವರು ಅಗೆದು ಮುಚ್ಚಿದ ಕಾಲುವೆಗಳು. ಉದ್ದಕ್ಕೆ ಕತ್ತರಿಸಿದಂತೆ ನೇರವಾಗಿ ಕುಸಿದಿರುವ ತೇಪೆ ಕಂಡರೆ ಅದು ಬಹುತೇಕ ಇವರದೇ ಕೆಲಸ. 1991ರ ಕಾಯ್ದೆಯೊಂದರ ಪ್ರಕಾರ ಅಗೆದವರೇ ರಸ್ತೆಯನ್ನು ಮೊದಲಿನ ಸ್ಥಿತಿಗೆ ತರಬೇಕು, ಮತ್ತು ಆ ಕೆಲಸಕ್ಕೆ 2 ವರ್ಷಗಳ, ಆಳವಾಗಿ ಅಗೆದಿದ್ದರೆ 3 ವರ್ಷಗಳ ಖಾತರಿ ಕೊಡಬೇಕು. ಅಗೆಯುತ್ತಿರುವಾಗ ಅಲ್ಲಿ ನಿಲ್ಲಿಸಿರುವ ಫಲಕದಲ್ಲಿ ಕಂಪನಿಯ ಹೆಸರು, ದೂರವಾಣಿ ಸಂಖ್ಯೆ ಇರುತ್ತವೆ. ಅದರದೊಂದು ಫೋಟೋ ತೆಗೆದಿಟ್ಟುಕೊಂಡರೆ ಮರುವರ್ಷ ಕುಸಿದಾಗ ದುರಸ್ತಿಯ ಖರ್ಚು ನಮ್ಮ ತೆರಿಗೆಯ ಮೇಲೆ ಬೀಳದೆ ಅವರ ಮೇಲೆಯೇ ಬೀಳುವಂತೆ ಮಾಡಬಹುದು. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಫಲ ಸಿಗುವ ಸಂದರ್ಭಗಳು ಕಡಿಮೆ.

ದೂರಿನಲ್ಲಿ ಏನಿರಬೇಕು? ಸಿಟ್ಟು ಬೇಡ, ಜಾಗ ಬೇಕು. ದೀಪದ ಕಂಬಗಳ ಮೇಲೆ ಸಂಖ್ಯೆ ಬರೆದಿರುತ್ತದೆ, ಅದನ್ನು ಬರೆಯಿರಿ. ಎದುರಿನ ಮನೆಯ ಸಂಖ್ಯೆ ಬರೆಯಿರಿ. ರಸ್ತೆಯ ಯಾವ ಬದಿ, ಅಂಚಿನಿಂದ ಎಷ್ಟು ದೂರ ಎಂದು ಬರೆಯಿರಿ. ಸುತ್ತಮುತ್ತಲಿನದೆಲ್ಲ ಕಾಣುವಂತೆ ಒಂದು ಫೋಟೋ, ಹತ್ತಿರದಿಂದ ಒಂದು. ಆಳ ತಿಳಿಯುವಂತೆ ಪಕ್ಕದಲ್ಲಿ ನಾಣ್ಯವನ್ನೋ ಪೆನ್ನನ್ನೋ ಇಡುವುದು ಒಳ್ಳೆಯದೇ, ಆದರೆ ವಾಹನ ಓಡುವ ರಸ್ತೆಗಿಳಿದು ಅಳೆಯುವ ಸಾಹಸ ಮಾಡಬೇಡಿ. ಎಷ್ಟು ಆಳವಿದ್ದರೆ ಗುಂಡಿ ಎಂಬುದಕ್ಕೆ ದೇಶಕ್ಕೆಲ್ಲ ಒಂದೇ ಅಳತೆ ಇಲ್ಲ. ಹಲವು ಕೌನ್ಸಿಲ್‌ಗಳು ರಸ್ತೆಗೆ 40 ಮಿ.ಮೀ., ಫುಟ್‌ಪಾತಿಗೆ 20 ಮಿ.ಮೀ. ಎಂದು ಇಟ್ಟುಕೊಂಡಿವೆ. ದೂರಿಗೆ ಬಂದ ಉಲ್ಲೇಖ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಪರಿಶೀಲನೆಗೆ ಬಂದವರು ಮುಚ್ಚಬೇಕಾದ ಗುಂಡಿಯ ಸುತ್ತ ಬಣ್ಣದಲ್ಲಿ ಚೌಕ ಬರೆದು ಹೋಗುತ್ತಾರೆ. ಕೆಲವು ದಿನಗಳಾದ ಮೇಲೆ ಲಾರಿ ಬರುತ್ತದೆ, ಚೌಕದೊಳಗಿನದನ್ನು ಮುಚ್ಚುತ್ತದೆ, ಎರಡಡಿ ಆಚೆಗಿರುವ ಇನ್ನೊಂದು ಗುಂಡಿಯನ್ನು ಹಾಗೇ ಬಿಟ್ಟು ಹೋಗುತ್ತದೆ. ನೋಡಿದವರಿಗೆ ಇದು ಮೂರ್ಖತನವಾಗಿ ಕಾಣುತ್ತದೆ. ಪಕ್ಕದ ಗುಂಡಿ ಆ ದಿನ ಅಳತೆಗೆ ಬಂದಿರಲಿಲ್ಲ, ಕೆಲಸದ ಆದೇಶದಲ್ಲಿ ಅದರ ಹೆಸರಿರಲಿಲ್ಲ ಎಂಬುದು ಅದರ ಹಿಂದಿನ ತರ್ಕ. ತರ್ಕ ತಿಳಿದ ಮೇಲೂ ನನಗದು ಮೂರ್ಖತನವಾಗಿಯೇ ಕಾಣುತ್ತದೆ: ಲಾರಿ, ಡಾಂಬರು, ಆಳುಗಳು ಮತ್ತೆ ಬರುವ ಖರ್ಚು ಆ ಎರಡನೆಯ ಗುಂಡಿಗೆ ಸುರಿಯಬೇಕಿದ್ದ ಡಾಂಬರಿಗಿಂತ ಎಷ್ಟೋ ಪಟ್ಟು ಹೆಚ್ಚು. ಆದರೂ ವ್ಯವಸ್ಥೆ ಹೀಗಿರುವವರೆಗೆ ಉಪಾಯ ಒಂದೇ: ಬೀದಿಯಲ್ಲಿ ಎಷ್ಟು ಗುಂಡಿಗಳಿವೆಯೋ ಅಷ್ಟು ಬೇರೆ ಬೇರೆ ದೂರು ಬರೆಯುವುದು. ಒಂದೇ ರಸ್ತೆಯ ಮೇಲೆ ದೂರುಗಳು ಗುಡ್ಡೆ ಬಿದ್ದಾಗ, ತೇಪೆ ಸಾಲದು, ಇಡೀ ರಸ್ತೆಗೇ ಹೊಸ ಪದರ ಬೇಕು ಎಂದು ವಾದಿಸುವುದಕ್ಕೆ ವಾರ್ಡಿನ ಕೌನ್ಸಿಲರಿಗೂ ಒಂದು ಆಧಾರ ಸಿಗುತ್ತದೆ.

ದುರಸ್ತಿಯಾಗುವವರೆಗೆ ಬದುಕಬೇಕಲ್ಲ. ಬಿರುಕಿನೊಳಗೆ ಇಳಿದ ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗಿ ಡಾಂಬರನ್ನು ಎತ್ತುತ್ತದೆ, ಕರಗಿದಾಗ ಕೆಳಗೆ ಟೊಳ್ಳು ಉಳಿಯುತ್ತದೆ, ಅದರ ಮೇಲೆ ಬಸ್ಸು ಲಾರಿ ಹಾದಾಗ ಕುಸಿಯುತ್ತದೆ. ಆದ್ದರಿಂದ ಹಿಮ ಬಿದ್ದು ಕರಗಿದ ಮರುವಾರ ಪರಿಚಿತ ರಸ್ತೆಯನ್ನೂ ಅಪರಿಚಿತವೆಂದೇ ತಿಳಿಯಬೇಕು. ತಪ್ಪಿಸಿಕೊಳ್ಳಲಾಗದ ಗುಂಡಿ ಎದುರಾದರೆ ಅದಕ್ಕೆ ಮೊದಲೇ ವೇಗ ತಗ್ಗಿಸಿ, ಚಕ್ರ ಇಳಿಯುವ ಹೊತ್ತಿಗೆ ಬ್ರೇಕಿನಿಂದ ಕಾಲು ತೆಗೆದಿರಿ. ಒತ್ತಿ ಹಿಡಿದ ಬ್ರೇಕು ಪೆಟ್ಟನ್ನು ಹೆಚ್ಚಿಸುತ್ತದೆ. ಈಗಿನ ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಬದಲಿಗೆ ಕೊಡುವ ಅಂಟಿನ ಡಬ್ಬಿ ಟೈರಿನ ಪಕ್ಕೆ ಹರಿದಾಗ ಕೆಲಸಕ್ಕೆ ಬರುವುದಿಲ್ಲ. ಪಕ್ಕೆಯಲ್ಲಿ ಉಬ್ಬು ಕಂಡ ಟೈರನ್ನು ‘ವಾರಾಂತ್ಯಕ್ಕೆ ನೋಡೋಣ’ ಎಂದು ಮೋಟರ್‌ವೇಗೆ ಒಯ್ಯಬೇಡಿ. ಸೈಕಲ್ಲಿನಲ್ಲಿ ಊಟ ತಲುಪಿಸುವ ಕೆಲಸ ಮಾಡುವ ನಮ್ಮ ವಿದ್ಯಾರ್ಥಿಗಳಿಗೆ ಇವೆಲ್ಲಕ್ಕಿಂತ ಹೆಚ್ಚಿನ ಅಪಾಯವಿದೆ. ಸೈಕಲ್ಲನ್ನು ಹಿಂದಿಕ್ಕುವಾಗ ಗಂಟೆಗೆ 30 ಮೈಲಿವರೆಗಿನ ವೇಗದಲ್ಲಿ ಕನಿಷ್ಠ 1.5 ಮೀಟರ್ ಅಂತರ ಬಿಡಬೇಕೆಂದು ಇಲ್ಲಿನ ಸಂಚಾರ ನಿಯಮಗಳ ಪುಸ್ತಕವಾದ ಹೈವೇ ಕೋಡ್ ಹೇಳುವುದು ಅವರು ಗುಂಡಿ ತಪ್ಪಿಸಲು ಹಠಾತ್ತಾಗಿ ಪಕ್ಕಕ್ಕೆ ಸರಿಯಬಹುದಾದ ಸಂದರ್ಭಕ್ಕೂ ಅನ್ವಯಿಸುತ್ತದೆ.

ಫುಟ್‌ಪಾತಿನ ಬಗ್ಗೆ ನಾವು ಮಾತಾಡುವುದೇ ಕಡಿಮೆ. ಆರು ತಿಂಗಳ ವೀಸಾದಲ್ಲಿ ಬರುವ ಅಪ್ಪ ಅಮ್ಮಂದಿರು ಹಗಲೆಲ್ಲ ಮಾಡಲು ಕೆಲಸವಿಲ್ಲದೆ ವಾಕಿಂಗ್ ಹೋಗುವುದು ಅದರ ಮೇಲೆಯೇ. ಮರದ ಬೇರು ಎತ್ತಿದ ಕಲ್ಲಿನ ಅಂಚು, ಎಲೆ ಮುಚ್ಚಿದ ಕುಳಿ, ಇವು ಅವರ ಕಣ್ಣಿಗೆ ಬೀಳುವುದಿಲ್ಲ. ಸಂದರ್ಶಕರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಅಪಘಾತ ವಿಭಾಗದಲ್ಲಿ ಚಿಕಿತ್ಸೆ ಉಚಿತ. ಆದರೆ ಇಂಗ್ಲೆಂಡಿನಲ್ಲಿ ವಾರ್ಡಿಗೆ ದಾಖಲಿಸಿಕೊಂಡ ಮೇಲಿನ ಚಿಕಿತ್ಸೆಗೆ ನಿಗದಿತ ದರದ ಶೇ 150ರಷ್ಟು ವಸೂಲಿ ಮಾಡುತ್ತಾರೆ. ಸೊಂಟದ ಮೂಳೆ ಮುರಿದರೆ ಆ ಬಿಲ್ಲು ಎಷ್ಟಾದೀತೆಂದು ಊಹಿಸಿಕೊಳ್ಳಿ. ಅವರಿಗೆ ವಿಮೆ ಮಾಡಿಸುವುದು ಎಷ್ಟು ಮುಖ್ಯವೋ, ಅವರು ನಡೆಯುವ ಹಾದಿಯನ್ನು ಒಮ್ಮೆ ನೀವೇ ನಡೆದು ನೋಡಿ ಎದ್ದುನಿಂತ ಕಲ್ಲುಗಳ ಬಗ್ಗೆ ದೂರು ಹಾಕುವುದೂ ಅಷ್ಟೇ ಮುಖ್ಯ. ಗಾಯವಾದ ಪ್ರಕರಣಗಳಲ್ಲಿ 3 ವರ್ಷದೊಳಗೆ, ವಸ್ತು ಹಾಳಾದ ಪ್ರಕರಣಗಳಲ್ಲಿ 6 ವರ್ಷದೊಳಗೆ ನ್ಯಾಯಾಲಯಕ್ಕೆ ಹೋಗಲು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅವಕಾಶವಿದೆ.

ವೀಸಾದ ಭಯಕ್ಕೆ ಬರುತ್ತೇನೆ. ನಮ್ಮಲ್ಲಿ ಬಹಳ ಜನರ ವೀಸಾದಲ್ಲಿ ‘ಸಾರ್ವಜನಿಕ ನಿಧಿಯಿಂದ ನೆರವು ಪಡೆಯುವಂತಿಲ್ಲ’ ಎಂಬ ಷರತ್ತು ಇರುತ್ತದೆ, ಕೌನ್ಸಿಲಿನಿಂದ ಟೈರಿನ ಹಣ ಪಡೆದರೆ ಷರತ್ತು ಮುರಿದಂತಾಗುತ್ತದೆಯೇ ಎಂದು ವಿದ್ಯಾವಂತರೇ ನನ್ನನ್ನು ಕೇಳಿದ್ದಾರೆ. ಆ ಷರತ್ತು ವಲಸೆ ನಿಯಮಗಳಲ್ಲಿ ಪಟ್ಟಿ ಮಾಡಿರುವ ಭತ್ಯೆಗಳಿಗೆ, ವಸತಿ ನೆರವಿನಂಥವಕ್ಕೆ ಸಂಬಂಧಿಸಿದ್ದು. ಕೌನ್ಸಿಲಿನ ಲೋಪದಿಂದ ಆದ ನಷ್ಟಕ್ಕೆ ಸಿಗುವ ಪರಿಹಾರ ಆ ಪಟ್ಟಿಯಲ್ಲಿಲ್ಲ. ಗುಂಡಿಯ ದೂರಿನ ಫಾರ್ಮು ನಿಮ್ಮ ವೀಸಾ ಯಾವುದೆಂದು ಕೇಳುವುದೂ ಇಲ್ಲ. ‘ನಾವು ಅತಿಥಿಗಳು’ ಎಂಬ ಸಂಕೋಚ ಉಳ್ಳವರಿಗೆ ನಾನು ಹೇಳುವುದಿಷ್ಟು: ಅತಿಥಿಗೆ ಯಾರೂ ಕೌನ್ಸಿಲ್ ಟ್ಯಾಕ್ಸಿನ ಬಿಲ್ಲು ಕಳಿಸುವುದಿಲ್ಲ.

ಕೊನೆಯದಾಗಿ, ನಮ್ಮವರಲ್ಲಿ ಅರ್ಧಕ್ಕರ್ಧ ಜನರಿಗೆ ತಿಳಿದಿರದಂತೆ ಕಾಣುವ ಒಂದು ವಿಷಯ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಇಲ್ಲಿ ಕಾನೂನುಬದ್ಧವಾಗಿ ವಾಸಿಸುತ್ತಿರುವ ವಯಸ್ಕ ಭಾರತೀಯರು, ವಿದ್ಯಾರ್ಥಿ ವೀಸಾದಲ್ಲಿರುವವರೂ ಸೇರಿ, ಮತದಾರರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಂಡು ಕೌನ್ಸಿಲ್ ಚುನಾವಣೆಯಲ್ಲೂ ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. ಬ್ರಿಟಿಷ್ ಪೌರತ್ವ ಬೇಕಿಲ್ಲ. ಗುರುತಿನ ದಾಖಲೆ ಕೇಳುವ ಮತಗಟ್ಟೆಗಳಲ್ಲಿ ಭಾರತದ ಪಾಸ್‌ಪೋರ್ಟನ್ನು ಒಪ್ಪುತ್ತಾರೆ. ಕೌನ್ಸಿಲ್ ಚುನಾವಣೆಗಳಲ್ಲಿ ಮತದಾನದ ಪ್ರಮಾಣ ಕಡಿಮೆಯಿರುವುದರಿಂದ ಕೆಲವೇ ಹತ್ತು ಮತಗಳಲ್ಲಿ ವಾರ್ಡು ಕೈಬದಲಾಗುವುದು ಅಪರೂಪವಲ್ಲ, ಮನೆಬಾಗಿಲಿಗೆ ಮತ ಕೇಳಲು ಬರುವವರಿಗೆ ಅದು ಚೆನ್ನಾಗಿ ಗೊತ್ತು. ಅವರು ಬಂದಾಗ ಕರಪತ್ರ ಈಸಿಕೊಂಡು ಬಾಗಿಲು ಹಾಕಿಕೊಳ್ಳಬೇಡಿ. ನಿಮ್ಮ ರಸ್ತೆಯ ದೂರುಗಳ ಉಲ್ಲೇಖ ಸಂಖ್ಯೆಗಳನ್ನು ಮುಂದಿಟ್ಟು, ಈ ವರ್ಷದ ಮರುಡಾಂಬರೀಕರಣದ ಪಟ್ಟಿಯಲ್ಲಿ ನಮ್ಮ ರಸ್ತೆ ಇದೆಯೇ, ಇಲ್ಲದಿದ್ದರೆ ಯಾವ ವರ್ಷದ್ದರಲ್ಲಿದೆ ಎಂದು ಕೇಳಿ, ಉತ್ತರವನ್ನು ಇಮೇಲಿನಲ್ಲಿ ಕಳಿಸುವಂತೆ ಹೇಳಿ.

ಇತಿ ನಿಮ್ಮವನೇ ಆದ,
ಇಂಗ್ಲೆಂಡಿನ ಮಧ್ಯಭಾಗದ ನಗರವೊಂದರಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ